ನಾಲ್ಕನೇ ನಂಬರಿನ ಅಳಿಯ

ಈಸ್ಟ್ ಬ್ರನ್ಸ್‌ವಿಕ್‌ನಲ್ಲಿರುವ ನನ್ನ ಗೆಳತಿ ವನಜಾಳ ಮಗಳು ಮೇಘನಾಗೆ, ನಾನು ದುಡಿದು ಬಿಟ್ಟು ಬಂದ ಪ್ರಯೋಗಾಲಯದಲ್ಲೇ ಕೆಲಸ ಸಿಕ್ಕಿದೆ. ಹೋದ ವಾರ ಎಡಿಸನ್ನಿನ ನಮ್ಮ ಮನೆಗೆ ಬಂದವಳು ಕಾಫಿ ಕೈಗೆ ಕೊಡುವ ಮೊದಲೇ, "ಆಂಟಿ, ವಾಟ್ ಈಸ್ ಇಟ್ ರಿಯಲಿ ಲೈಕ್?" ಎಂದು ಕೇಳಿದಳು. ನಾನು ಅರ್ಧ ಗಂಟೆ ಕೊರೆದೆ. ಎಲ್ಲಿ ಪಾರ್ಕ್ ಮಾಡಬೇಕು, ದೋಣಿಯಲ್ಲಿ ಎಷ್ಟು ಜೊತೆ ಕಾಲುಚೀಲ ಹಾಕಬೇಕು, ಕ್ಯಾಂಟೀನಿನ ಸೂಪನ್ನು ಯಾಕೆ ನಂಬಬಾರದು, ಇಂಥವೇ. ಅವಳು ಹೋದ ಮೇಲೆ ತಲೆ ಚಚ್ಚಿಕೊಂಡೆ. ಹೇಳಬೇಕಾದ್ದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಹೇಳಿದ್ದೆ. ಅದಕ್ಕೇ ಈಗ ಬರೆಯುತ್ತಿದ್ದೇನೆ. ಮೇಘನಾ ವಾರಾಂತ್ಯದ ಕನ್ನಡ ತರಗತಿಗೆ ಹೋದವಳು, ಒತ್ತಕ್ಷರ ಬಂದರೆ ಎಡವುತ್ತಾಳೆ. ಎಡವಿದ ಕಡೆ ಅವಳಮ್ಮ ಓದಿ ಹೇಳಲಿ.

ಮೊದಲು ಒಂದು ಮಾತು. ಎಡಿಸನ್ನಿನ ನಮ್ಮವರ ಬಾಯಲ್ಲಿ ನಾನು 'ಸಾಲ್ಮನ್ ಆಂಟಿ'. ದೇವರಾಣೆಗೂ ನಾನು ಒಂದು ಸಾಲ್ಮನ್ನಿಗೂ ಕೈ ಹಚ್ಚಿದವಳಲ್ಲ. ನನ್ನ ಬಾಸ್ ಹ್ಯಾರಿಯೆಟ್ ಅವರು ಪ್ರಾಯದಲ್ಲಿ ಮೇನ್ ರಾಜ್ಯದಲ್ಲಿ ಸಾಲ್ಮನ್ ಮೀನುಗಳ ಹೊಟ್ಟೆಯೊಳಗೆ ಎಲೆಕ್ಟ್ರಾನಿಕ್ ಟ್ಯಾಗ್ ಇಟ್ಟು, ಅವು ಸಮುದ್ರದಲ್ಲಿ ಎಲ್ಲೆಲ್ಲಿ ಹೋಗುತ್ತವೆಂದು ಪತ್ತೆ ಹಚ್ಚಿದವರು. ಅದೇ ವಿದ್ಯೆಯನ್ನು ಇಲ್ಲಿಗೆ ತಂದು ಹಡ್ಸನ್ ನದಿಯ ಸ್ಟರ್ಜನ್ ಮೀನಿಗೆ ಬಳಸಿದರು. ಎಲ್ಲರೂ ಅಡುಗೆ ತಂದು ಹಂಚಿ ಉಣ್ಣುವ ಪಾಟ್‌ಲಕ್ಕುಗಳಲ್ಲಿ ನಾನು "ಸಾಲ್ಮನ್ ಅಲ್ಲ ಕಣ್ರೀ, ಸ್ಟರ್ಜನ್" ಎಂದರೆ, "ಯಾರು, ಸರ್ಜನ್ನಾ?" ಎನ್ನುತ್ತಿದ್ದರು. ಕೊನೆಗೆ ಸಾಲ್ಮನ್ನೇ ವಾಸಿ ಎನಿಸಿತು.

ಕೆಲಸ ಇಷ್ಟೇ. ಬೆರಳುದ್ದದ ಟ್ಯಾಗನ್ನು ಮೀನಿನ ಹೊಟ್ಟೆಯೊಳಗಿಟ್ಟು ಹೊಲಿಯುವುದು. ಅದು ಮನುಷ್ಯರ ಕಿವಿಗೆ ಕೇಳದ ಸದ್ದಿನಲ್ಲಿ ತನ್ನ ನಂಬರನ್ನು ಹೇಳುತ್ತಲೇ ಇರುತ್ತದೆ. ನದಿಯಲ್ಲಿ, ಸಮುದ್ರದಲ್ಲಿ ಅಲ್ಲಲ್ಲಿ ಕಟ್ಟಿಟ್ಟ ರಿಸೀವರ್‌ಗಳು, ಮೀನು ಹತ್ತಿರ ಹಾದರೆ ಆ ನಂಬರನ್ನು ಕೇಳಿ ಬರೆದಿಟ್ಟುಕೊಳ್ಳುತ್ತವೆ. ಬ್ಯಾಟರಿ ಸುಮಾರು ಹತ್ತು ವರ್ಷ ಬಾಳುತ್ತದೆ. ನಾನು ಸೇರಿದಾಗ ನನ್ನದು ಆ ರಿಸೀವರ್‌ಗಳಿಗೆ ಸಿಮೆಂಟಿನ ಹಾಗೆ ಅಂಟಿದ ಚಿಪ್ಪುಗಳನ್ನು ಕೆರೆಯುವ ಕೆಲಸ. ಮೈಸೂರಿನಲ್ಲಿ ಪ್ರಾಣಿಶಾಸ್ತ್ರ ಓದಿ ಬಂದು ಎರಡು ವರ್ಷ ಕೆರೆದೆ. ನನ್ನ ಕೂದಲಿಗೆ ಹತ್ತಿದ ವಾಸನೆಗೆ ನನ್ನ ಗಂಡ ರಮೇಶ ಕಾರಿನ ಕಿಟಕಿ ಇಳಿಸಿಯೇ ಡ್ರೈವ್ ಮಾಡುತ್ತಿದ್ದರು, ಜನವರಿಯಲ್ಲೂ.

ಒಂದು ದಿನ ಹ್ಯಾರಿಯೆಟ್ ಬಾಳೆಹಣ್ಣು ತಂದು ಸಿಪ್ಪೆಯನ್ನು ಚಾಕುವಿನಿಂದ ಸೀಳಿ, ಸೂಜಿ ಕೊಟ್ಟು, "ಹೊಲಿ" ಎಂದರು. ಅವರ ಮಾತನ್ನೆಲ್ಲ ನಾನು ನನ್ನ ಕನ್ನಡದಲ್ಲೇ ಕೊಡುತ್ತೇನೆ, ಅವರು ತಪ್ಪು ತಿಳಿಯುವುದಿಲ್ಲ. ಹೊಲಿದೆ. ಅವರು ಕನ್ನಡಕ ಏರಿಸಿ ನೋಡಿದರು.

"ಇದನ್ನ ಎಲ್ಲಿ ಕಲಿತೆ ಸುಧಾ?"

"ಶರ್ಟಿನ ಮೇಲೆ."

ನನ್ನಪ್ಪ ನಂಜನಗೂಡಿನಲ್ಲಿ ಟೈಲರ್. ಶಾಲೆ ಬಿಟ್ಟ ಮೇಲೆ ಅಂಗಡಿಯಲ್ಲಿ ಕೂತು ಕಾಜಾ ಹಾಕುವುದು, ಗುಂಡಿ ಹೊಲಿಯುವುದು, ಅಪ್ಪ ಟೇಪು ಹಿಡಿದು ಕೂಗಿದ ಅಳತೆಯನ್ನು ಪುಸ್ತಕದಲ್ಲಿ ಬರೆದುಕೊಳ್ಳುವುದು ನನ್ನ ಪಾಲಿನದು. ಅಪ್ಪನ ಅಳತೆ ಪುಸ್ತಕದಲ್ಲಿ ಕನ್ನಡ ಅಂಕಿಗಳೇ ಇರಬೇಕು. ಇಂಗ್ಲಿಷಿನಲ್ಲಿ ಬರೆದರೆ "ಇದೇನು ಬ್ಯಾಂಕಾ?" ಎಂದು ತಲೆಗೊಂದು ಮೊಟಕುತ್ತಿದ್ದರು. ಅಪ್ಪನ ಕೈಗುಣ ದೊಡ್ಡದು ಎಂದು ಊರಿಗೆಲ್ಲ ನಂಬಿಕೆ. ಬೇರೆ ಟೈಲರಿಗೆ ಮದುವೆ ಬಟ್ಟೆ ಕೊಡುವವರೂ ಮೊದಲ ಕತ್ತರಿ ಅಪ್ಪನ ಕೈಯಲ್ಲೇ ಹಾಕಿಸಿಕೊಂಡು ಹೋಗುತ್ತಿದ್ದರು.

ಆ ಸಂಜೆ ಊರಿಗೆ ಫೋನ್ ಮಾಡಿ ವಿಷಯ ಹೇಳಿದೆ. ಅಪ್ಪ ಕೇಳಿದರು:

"ಮೀನಿಗೆ ಹೊಲಿಗೆ ಹಾಕ್ತೀಯಾ? ಅಳತೆ ತಗೋತೀಯಾ?"

"ತಗೋತೀನಪ್ಪ. ಉದ್ದ, ಸುತ್ತಳತೆ, ಎರಡೂ."

"ಮತ್ತೆ ಟ್ರಯಲ್‌ಗೆ ಯಾವತ್ತು ಬರತ್ತೆ?"

ಫೋನಿನ ಎರಡೂ ತುದಿಯಲ್ಲಿ ನಕ್ಕು ನಕ್ಕು ಸುಸ್ತಾದೆವು.

ಮೊದಲ ಸ್ಟರ್ಜನ್ನನ್ನು ಕಂಡ ದಿನ ಮಾತ್ರ ನಗು ಬರಲಿಲ್ಲ. ಬಲೆಯಿಂದ ಎತ್ತಿ ಒದ್ದೆ ಚಾಪೆಯ ಮೇಲೆ ಮಲಗಿಸಿದರು. ನನಗಿಂತ ಉದ್ದ. ಮೈಮೇಲೆ ಐದು ಸಾಲು ಮೂಳೆಯ ಫಲಕ, ಮೂತಿಯ ಕೆಳಗೆ ನಾಲ್ಕು ಮೀಸೆ, ಬಾಯಲ್ಲಿ ಒಂದು ಹಲ್ಲೂ ಇಲ್ಲ. ಮನುಷ್ಯ ಎಂಬ ಪ್ರಾಣಿ ಹುಟ್ಟುವುದಕ್ಕೆ ಎಷ್ಟೋ ಕೋಟಿ ವರ್ಷ ಮೊದಲೇ ಇದರ ಕುಲ ನೀರಿನಲ್ಲಿತ್ತು. ಕಿವಿರಿನ ಮೇಲೆ ನೀರು ಬಿಡುತ್ತಾ ಅದರ ಪಕ್ಕದಲ್ಲಿ ಮಂಡಿಯೂರಿದ್ದೆ. ಅದು ಉಸಿರಾಡುತ್ತಿತ್ತು, ನಿಧಾನವಾಗಿ, ನಾವು ಯಾರೂ ಲೆಕ್ಕಕ್ಕೇ ಇಲ್ಲದ ಹಾಗೆ. ನನ್ನ ಕೈಗಳು ತಾವಾಗಿಯೇ ಜೋಡಿಕೊಂಡವು. ಹ್ಯಾರಿಯೆಟ್ ಅದನ್ನು ನೋಡಿದರು. ಆಮೇಲೆ ಪ್ರತಿ ಮೀನಿಗೂ ಕತ್ತಿ ಎತ್ತುವ ಮೊದಲು ಒಂದು ಗಳಿಗೆ ನಿಂತು, "ಸುಧಾ, ಆಯ್ತಾ?" ಎಂದು ಕೇಳುತ್ತಿದ್ದರು. ಮೇಲಧಿಕಾರಿಗಳ ಬಗ್ಗೆ ಎಲ್ಲರೂ ದೂರು ಹೇಳುತ್ತಾರೆ, ನಾನೂ ಹೇಳಿದ್ದೇನೆ. ಇದೊಂದನ್ನೂ ಹೇಳಬೇಕು.

ಈಗ ನನ್ನ ತಪ್ಪಿಗೆ ಬರುತ್ತೇನೆ.

ಹಲವು ವರ್ಷ ಹ್ಯಾರಿಯೆಟ್ ಪಕ್ಕದಲ್ಲೇ ಕತ್ತಿ ಹಿಡಿದ ಮೇಲೆ, ಒಂದು ಮೇ ತಿಂಗಳು ಹಡ್ಸನ್ನಿನ ಮೇಲ್ಭಾಗದಲ್ಲಿ ನನಗೇ ಮೇಜು ಬಿಟ್ಟುಕೊಟ್ಟರು. ಅವರು ಇನ್ನೊಂದು ದೋಣಿಯಲ್ಲಿ ಬಲೆ ನೋಡಲು ಹೋದರು. ಆ ದಿನ ನನ್ನ ಪೆಟ್ಟಿಗೆಯಲ್ಲಿದ್ದದ್ದು ಎರಡೇ ಟ್ಯಾಗ್. ಉದ್ದನೆಯ ನಂಬರುಗಳು, ಕೊನೆಯ ಅಂಕಿಯೊಂದೇ ಬೇರೆ, ಒಂದು ನಾಲ್ಕು, ಇನ್ನೊಂದು ಎಂಟು. ಮೊದಲು ಬಂದದ್ದು ಗಂಡು. ಸ್ಟರ್ಜನ್ ಗಂಡೋ ಹೆಣ್ಣೋ ಎಂದು ಹೊರಗಿನಿಂದ ತಿಳಿಯುವುದಿಲ್ಲ, ಹೊಟ್ಟೆ ತೆರೆದಾಗಲೇ ಕಾಣುವುದು. ಚಕಚಕನೆ ಮುಗಿಸಿದೆ. ಮೂರು ಹೊಲಿಗೆ, ಮುತ್ತಿನ ಹಾಗೆ. ನೀರಿಗೆ ಬಿಟ್ಟ ಕೂಡಲೇ ಬಾಲ ಬಡಿದು ನಮ್ಮೆಲ್ಲರ ಮುಖಕ್ಕೂ ನೀರು ಎರಚಿ ಹೋಯಿತು. ನಾನು ಬೀಗಿದೆ.

ಎರಡನೆಯದು ಹೆಣ್ಣು. ಹೊಟ್ಟೆ ತುಂಬ ಕಪ್ಪು ಮೊಟ್ಟೆ. ಅಷ್ಟರಲ್ಲಿ ಗಾಳಿ ಎದ್ದಿತು, ದೋಣಿ ಓಲಾಡಿತು, ಕತ್ತಿ ಅರ್ಧ ಉಗುರಿನಷ್ಟು ಹೆಚ್ಚು ಆಳಕ್ಕೆ ಹೋಯಿತು. ರಕ್ತ. ಒತ್ತಿ ಹಿಡಿದರೂ ನಿಲ್ಲದು. ಮೂರರ ಜಾಗದಲ್ಲಿ ಆರು ಹೊಲಿಗೆ ಹಾಕಿದೆ. ನೀರಿನಲ್ಲಿ ಅವಳನ್ನು ಬಹಳ ಹೊತ್ತು ಹಿಡಿದುಕೊಂಡೇ ಇದ್ದೆ. ಕೊನೆಗೆ ಅವಳು ಬಾಲ ಆಡಿಸದೆ, ಒಂದು ಪಕ್ಕಕ್ಕೆ ವಾಲಿಕೊಂಡು ನನ್ನ ಕೈಯಿಂದ ಜಾರಿ ಕೆಳಗೆ ಇಳಿದುಹೋದಳು. ದೋಣಿಯವನು "ಹೊರಡೋಣ, ಗಾಳಿ ಜೋರಾಗ್ತಿದೆ" ಎಂದು ಕೂಗುತ್ತಿದ್ದ. ನೋಟ್‌ಬುಕ್ಕಿನಲ್ಲಿ ಗಂಡು, ಹೆಣ್ಣಿನ ಚಿಹ್ನೆ, ಎದುರಿಗೆ ಕೊನೆಯ ಅಂಕಿ, ಇಷ್ಟು ಗೀಚಿ ಮುಚ್ಚಿದೆ. ಆ ಪುಟವನ್ನು ಮತ್ತೆ ತೆರೆಯುವ ಧೈರ್ಯ ನನಗೆ ಬರಲಿಲ್ಲ.

ನಮ್ಮ ಲೆಕ್ಕಪತ್ರಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುತ್ತಿದ್ದವನು ವಾಲ್ಟರ್. ನನ್ನ ವಯಸ್ಸಿನವನೇ, ಮಹಾ ಶಿಸ್ತಿನ ಮನುಷ್ಯ, ಪೆನ್ಸಿಲುಗಳನ್ನೂ ಉದ್ದದ ಪ್ರಕಾರ ಜೋಡಿಸಿಡುವವನು. ಆ ವಾರವೇ ಅವನು ನಮ್ಮ ನೋಟ್‌ಬುಕ್ಕನ್ನು ಏರಿಸಿದ. ಕಂಪ್ಯೂಟರ್ ಹೇಳಿದ್ದು ಹೀಗೆ: ನಾಲ್ಕು, ಗಂಡು. ಎಂಟು, ಹೆಣ್ಣು. ಆ ಗಾಬರಿಯಲ್ಲಿ ಯಾವ ಟ್ಯಾಗ್ ಯಾರಿಗಿಟ್ಟೆನೆಂಬುದು ನನಗೂ ನೆನಪಿರಲಿಲ್ಲ, ನಂಬಿದೆ. ಹತ್ತು ದಿನದೊಳಗೆ ನಾಲ್ಕನ್ನು ಫೋರ್ಟ್ ಲೀ ಸೇತುವೆಯ ಹತ್ತಿರದ ರಿಸೀವರ್ ಕೇಳಿಸಿಕೊಂಡಿತು, ಆಮೇಲೆ ನದಿಯ ಬಾಯಿಯದು, ಆಮೇಲೆ ಸಮುದ್ರದ್ದು. ಎಂಟು ಮಾತೇ ಆಡಲಿಲ್ಲ. ಆ ತಿಂಗಳೂ ಇಲ್ಲ, ಆ ವರ್ಷವೂ ಇಲ್ಲ.

"ಸುಮ್ಮನಾದ ಮೀನೆಲ್ಲ ಸತ್ತಿರೋದಿಲ್ಲ ಸುಧಾ. ಟ್ಯಾಗೂ ಕೆಡತ್ತೆ," ಎಂದರು ಹ್ಯಾರಿಯೆಟ್.

"ನಾನೇ ಕೊಂದಿದ್ದು," ಎಂದೆ. ಉಳಿದಿರುವುದೇ ಕೆಲವು ಮೀನು. ಅದರಲ್ಲಿ ಬಸುರಿಯೊಬ್ಬಳನ್ನು, ಲಕ್ಷಾಂತರ ಮೊಟ್ಟೆಯ ಸಮೇತ. ನಾನಿನ್ನು ಕತ್ತಿ ಮುಟ್ಟುವುದಿಲ್ಲ, ನನ್ನ ಕೈಗುಣ ಕೆಟ್ಟಿದೆ ಎಂದು ಅವರಿಗೆ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಲು ನೋಡಿದೆ. ಅವರು ಗಾಬರಿಯಾಗಿ, "ಕೈ ನೋಯ್ತಿದ್ಯಾ? ಡಾಕ್ಟರಿಗೆ ತೋರಿಸು," ಎಂದರು. ಕೈಗುಣಕ್ಕೆ ಇಂಗ್ಲಿಷಿನಲ್ಲಿ ಡಾಕ್ಟರಿಲ್ಲ. ನಾನು ಮತ್ತೆ ರಿಸೀವರ್ ಕೆರೆಯಲು ಹೋದೆ. ಅಪ್ಪ ಫೋನಿನಲ್ಲಿ "ಹೊಲಿಗೆ ಹೇಗೆ ನಡೀತಿದೆ?" ಎಂದರೆ "ನಡೀತಿದೆಯಪ್ಪ" ಎನ್ನುತ್ತಿದ್ದೆ. ಸುಳ್ಳು ಹೇಳಿದೆ. ಅವರು ತೀರಿಕೊಳ್ಳುವವರೆಗೂ ಹೇಳಿದೆ.

ಆ ವರ್ಷಗಳಲ್ಲಿ ನನ್ನ ಜೀವ ಹಿಡಿದು ನಿಲ್ಲಿಸಿದ್ದು ಆ ನಾಲ್ಕನೇ ನಂಬರು. ಆಗೆಲ್ಲ ವರ್ಷಕ್ಕೆರಡು ಸಲ ದೋಣಿಯಲ್ಲಿ ಹೋಗಿ ರಿಸೀವರ್ ಎತ್ತಿ, ಒರೆಸಿ, ಕೇಬಲ್ ಚುಚ್ಚಿ, ಅದರೊಳಗೆ ಯಾರ್ಯಾರ ನಂಬರಿದೆ ಎಂದು ನೋಡಬೇಕಿತ್ತು. ಈಗ ಕೆಲವು ಕಡೆ ತೇಲುವ ಯಂತ್ರಗಳೇ ಸುದ್ದಿಯನ್ನು ಫೋನಿಗೆ ಕಳಿಸುತ್ತವೆ. ಮೇಘನಾಳ ಪೀಳಿಗೆಗೆ ಕಾಯುವುದೆಂದರೇನೆಂದು ತಿಳಿಯುವುದಿಲ್ಲ. ಆರು ತಿಂಗಳು ಕಾದು, ಪರದೆಯ ಮೇಲೆ ಆ ನಂಬರು ಬಂದಾಗ ಮೈ ಜುಮ್ಮೆನ್ನುತ್ತಿತ್ತು. ಒಂದು ಚಳಿಗಾಲ, ಮುಖವೇ ನೋಡಿರದ ಕರೊಲೈನಾದ ಸಂಶೋಧಕರೊಬ್ಬರಿಂದ ಇಮೇಲ್: ನಿಮ್ಮ ಮೀನು ನಮ್ಮ ಕಡೆ ಇದೆ. ಮರುವರ್ಷ ಬೇಸಿಗೆಯಲ್ಲಿ ಕೆನಡಾದಿಂದ. ಮಧ್ಯದಲ್ಲಿ ಒಂದು ಚಂಡಮಾರುತ ಬಂದು ನಮ್ಮ ಅರ್ಧ ರಿಸೀವರ್‌ಗಳನ್ನು ಕಿತ್ತೆಸೆಯಿತು. ಉಳಿದವನ್ನು ಎತ್ತಿ ನೋಡಿದರೆ ಮೊದಲ ನಂಬರು ಅದೇ. ಗೋಡೆಯ ನಕ್ಷೆಯಲ್ಲಿ ನಾವು ಎಳೆದ ಗೆರೆ ಒಂದು ಖಂಡದ ಅಂಚನ್ನೇ ಸವರಿಕೊಂಡು ಮೇಲಕ್ಕೂ ಕೆಳಕ್ಕೂ ಓಡುತ್ತಿತ್ತು. ನಾವು ಪಾರ್ಕ್‌ವೇಯಲ್ಲಿ ಒಂದು ಎಕ್ಸಿಟ್ ತಪ್ಪಿದರೆ ಗಂಡ ಹೆಂಡತಿ ಜಗಳವಾಡುತ್ತೇವೆ. ಆ ಜೀವ ಕತ್ತಲ ನೀರಿನಲ್ಲಿ, ಬೋರ್ಡೂ ಇಲ್ಲದೆ ದಾರಿಯೂ ಇಲ್ಲದೆ, ಸಾವಿರಾರು ಮೈಲಿ ಹೋಗಿ ಬರುತ್ತಿತ್ತು. ನನಗೆ ಆ ನಕ್ಷೆಯ ಮುಂದೆ ನಿಂತರೆ ದೇವಸ್ಥಾನದಲ್ಲಿ ನಿಂತ ಹಾಗಾಗುತ್ತಿತ್ತು, ಇವತ್ತಿಗೂ ಆಗುತ್ತದೆ.

ಅದಕ್ಕೆ ಹೆಸರಿಟ್ಟವರು ರಮೇಶ. "ಎಲ್ಲಿದ್ದಾನೆ ನಿಮ್ಮ ಅಳಿಯ? ಬರೋದು ಹೇಳಲ್ಲ, ಹೋಗೋದು ಹೇಳಲ್ಲ, ಎಲ್ಲರೂ ಅವನಿಗೇ ಕಾಯ್ಕೊಂಡಿರಬೇಕು," ಎಂದು ರೇಗಿಸುತ್ತಿದ್ದರು. ನಾನು ಆಫೀಸಿನಲ್ಲೂ ಹಾಗೇ ಕರೆದೆ. ವಾಲ್ಟರಿಗೆ ಅದರ ಸದ್ದು ಹಿಡಿಸಿತು. ಕಂಪ್ಯೂಟರಿನಲ್ಲಿ ಅಡ್ಡಹೆಸರಿನ ಜಾಗದಲ್ಲಿ ತುಂಬಿಬಿಟ್ಟ. ಅಲ್ಲಿಂದ ಎಲ್ಲರ ಬಾಯಲ್ಲೂ ಅದೇ.

ಹ್ಯಾರಿಯೆಟ್‌ಗೆ ಮಾತ್ರ ಅಳಿಯನ ಮೇಲೆ ಸಿಟ್ಟು. ಗಂಡು ಸ್ಟರ್ಜನ್‌ಗಳು ಸಾಮಾನ್ಯವಾಗಿ ಬೇಗ ಬೇಗ ನದಿಗೆ ಮರಳುತ್ತವೆ. ಇವನು ನಾಲ್ಕು ವರ್ಷ ನದಿಯ ಕಡೆ ತಲೆಯೇ ಹಾಕಲಿಲ್ಲ. ಐದನೇ ವರ್ಷ ಬಂದು, ಮೊಟ್ಟೆಯಿಡುವ ಜಾಗದವರೆಗೆ ಹೋಗಿ, ಬಂದಷ್ಟೇ ಬೇಗ ಸಮುದ್ರಕ್ಕೆ ಹೊರಟುಹೋದ.

"ಇದೆಂಥ ಗಂಡು?" ಎಂದು ಅವರು ನಕ್ಷೆಗೆ ಪೆನ್ಸಿಲಿನಿಂದ ಕುಟ್ಟುತ್ತಿದ್ದರು.

"ನಮ್ಮ ಕಡೆ ಇವರು ಹೀಗೇನೇ," ಎಂದು ನಾನು ವಹಿಸಿಕೊಂಡು ಮಾತಾಡುತ್ತಿದ್ದೆ.

ಹೀಗೇ ಎಂಟು ವರ್ಷ ಕಳೆಯಿತು. ಒಂದು ಭಾನುವಾರ ವಾಲ್ಟರನ್ನು ಊಟಕ್ಕೆ ಕರೆದಿದ್ದೆವು. ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಅವನು ಅಡುಗೆಮನೆಯ ಗೋಡೆಯ ಮುಂದೆ ನಿಂತಿದ್ದ. ಅಲ್ಲಿ ಊರಿನಿಂದ ತಂಗಿ ಕಳಿಸಿದ ಕ್ಯಾಲೆಂಡರಿತ್ತು, ಕನ್ನಡ ಅಂಕಿಗಳದ್ದು.

"ಸುಧಾ, ನಿಮ್ಮ ಲೆಕ್ಕದಲ್ಲಿ ಮೂರಾದ ಮೇಲೆ ಎಂಟು ಬರತ್ತಾ?"

ನಾನು ತಿರುಗಿ ನೋಡಿ ನಕ್ಕೆ. "ಅದು ಎಂಟಲ್ಲ ಮಹರಾಯ, ನಾಲ್ಕು. ನೋಡು, ತಲೆಯ ಮೇಲೆ ಬಾಯಿ ಬಿಟ್ಕೊಂಡಿದೆ. ಎಂಟು ಇಲ್ಲಿದೆ." ಸೌಟಿನ ತುದಿಯಿಂದಲೇ ೪ನ್ನೂ ೮ನ್ನೂ ತೋರಿಸಿದೆ.

ವಾಲ್ಟರ್ ನಗಲಿಲ್ಲ. ಆ ಎರಡು ಚೌಕಗಳನ್ನೇ ನೋಡುತ್ತಾ ನಿಂತ. ಅವನ ಕಿವಿ ಕೆಂಪಾಯಿತು.

"ಇವನ್ನ ನಾನು ನೋಡಿದೀನಿ," ಎಂದ. "ನಿನ್ನ ನೋಟ್‌ಬುಕ್ಕಲ್ಲಿ. ಆ ಗಾಳಿ ದಿನದ ಪುಟ. ಒಂದು ಬಾಯಿ ಬಿಟ್ಟ ಎಂಟಿನ ಥರ ಇತ್ತು, ಎಂಟು ಅಂತ ಟೈಪ್ ಮಾಡಿದೆ. ಇನ್ನೊಂದು ಏನು ಅಂತ ಗೊತ್ತಾಗ್ಲಿಲ್ಲ. ಇದ್ದದ್ದೇ ಎರಡು ಟ್ಯಾಗು. ಒಂದು ಎಂಟಾದ್ರೆ ಇನ್ನೊಂದು ನಾಲ್ಕೇ ಆಗ್ಬೇಕಲ್ಲ ಅಂದ್ಕೊಂಡೆ. ನಿನ್ನ ಕೇಳೋಕೆ ಬಂದಿದ್ದೆ. ನೀನು ಅಳ್ತಾ ಇದ್ದೆ, ವಾಪಸ್ ಹೋದೆ."

ಸೌಟಿನಿಂದ ಸಾರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಒಲೆ ಆರಿಸಿದವರು ರಮೇಶ, ಕಾರಿನ ಕೀ ಎತ್ತಿಕೊಂಡವರೂ ಅವರೇ. ಊಟ ಬಿಟ್ಟು ಮೂವರೂ ಸಮುದ್ರತೀರದ ಆಫೀಸಿಗೆ ಹೋದೆವು. ವಾಲ್ಟರ್ ಬೀರು ತೆಗೆದು, ನೋಟ್‌ಬುಕ್ ತಂದು, ಪುಟ ತೆರೆದು ನನ್ನ ಮುಂದಿಟ್ಟ.

ನನ್ನ ಅಕ್ಷರ ಅಲ್ಲ ಅದು. ಅಪ್ಪನ ಅಂಗಡಿಯ ಹುಡುಗಿಯ ಅಕ್ಷರ. ನಾನು ಹೆದರಿದಾಗ ನನ್ನ ಕೈ ಇಂಗ್ಲಿಷನ್ನು ಮರೆತು ಅಂಗಡಿಯ ಬೆಂಚಿಗೆ ಹೋಗಿ ಕೂತಿತ್ತು. ಗಂಡಿನ ಎದುರಿಗೆ ೮. ಹೆಣ್ಣಿನ ಎದುರಿಗೆ ೪.

ನಾಲ್ಕು ಅವಳು! ಕರೊಲೈನಾಕ್ಕೆ ಹೋದವಳು, ಕೆನಡಾಕ್ಕೆ ಹೋದವಳು, ಚಂಡಮಾರುತ ದಾಟಿದವಳು. ನನ್ನ ಕೈಯಿಂದ ವಾಲಿಕೊಂಡು ಜಾರಿಹೋದವಳು. ನಾನು ಆ ಪುಟದ ಮೇಲೆ ತಲೆಯಿಟ್ಟು ಅತ್ತೆ. ವಾಲ್ಟರ್ "ಸಾರಿ, ಸಾರಿ" ಎನ್ನುತ್ತಲೇ ಇದ್ದ. "ನಿಂದೇನು ತಪ್ಪೋ? ಕನ್ನಡದಲ್ಲಿ ಬರೆದು ಪುಟ ಮುಚ್ಚಿದವಳು ನಾನು," ಎಂದೆ. ಎಂಟು ವರ್ಷದಲ್ಲಿ ಒಂದೇ ಒಂದು ಸಲ ಅದನ್ನು ತೆರೆದಿದ್ದರೆ ಸಾಕಿತ್ತು. ಮೇಘನಾ, ನಿನಗೆ ಹೇಳಬೇಕಾಗಿದ್ದದ್ದು ಇದು. ಯಾವ ಪುಟ ತೆರೆಯಲು ಹೆದರಿಕೆಯೋ ಅದನ್ನೇ ಮೊದಲು ತೆರೆ.

ಇನ್ನೊಂದನ್ನೂ ಮುಚ್ಚಿಡುವುದಿಲ್ಲ. ಹಾಗಾದರೆ ಸುಮ್ಮನಾದವನು ಎಂಟು, ನಾನು ಮುತ್ತಿನಂಥ ಹೊಲಿಗೆ ಹಾಕಿ ಬೀಗಿದ ಗಂಡು. ಅವನ ಟ್ಯಾಗ್ ಕೆಟ್ಟಿತೋ, ಹಡಗಿಗೆ ಸಿಕ್ಕಿದನೋ, ನನ್ನ ಕೈಯೇ ಕೊಂದಿತೋ, ಯಾರಿಗೂ ತಿಳಿಯದು. ಕೊಂದೆನೆಂದು ಅತ್ತದ್ದು ಬದುಕಿತ್ತು, ಗೆದ್ದೆನೆಂದು ನಕ್ಕದ್ದು ಕಳೆದುಹೋಗಿತ್ತು. ನೀರಿನೊಳಗಿನ ಲೆಕ್ಕ ನಮ್ಮ ಕೈಗೆ ಸಿಗುವುದಿಲ್ಲ. ಇದನ್ನು ನೆನೆದರೆ ನನಗೆ ಈಗಲೂ ಭಯ, ಭಕ್ತಿ ಎರಡೂ ಒಟ್ಟಿಗೇ ಬರುತ್ತವೆ.

ಸೋಮವಾರ ಹ್ಯಾರಿಯೆಟ್ ಪುಟ ನೋಡಿದರು, ನಕ್ಷೆ ನೋಡಿದರು, ಕುರ್ಚಿಯಲ್ಲಿ ಕೂತರು. "ಹೆಣ್ಣು ಅಂದ್ರೆ ಎಲ್ಲ ಸರಿಹೋಗತ್ತೆ. ಹೆಣ್ಣುಗಳೇ ಹೀಗೆ ಐದು ವರ್ಷಕ್ಕೊಂದು ಸಲ ಬರೋದು. ಮೀನು ತಾನು ಹೆಣ್ಣು ಅಂತ ಕೂಗಿ ಹೇಳ್ತಾ ಇತ್ತು. ನಾನು ಅದನ್ನ ಕೆಟ್ಟ ಗಂಡು ಅಂತ ಬೈತಾ ಕೂತಿದ್ದೆ," ಎಂದರು. ವಾಲ್ಟರ್ ಏರಿಸಿದ ಲೆಕ್ಕದ ಪ್ರಿಂಟಿನಲ್ಲಿ ನಾನು ತಪ್ಪಿನ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಹಾಕಿದೆ. ತಪ್ಪೂ ಓದಲು ಸಿಗುವ ಹಾಗೆ ತಿದ್ದಬೇಕು, ಅದು ನಮ್ಮ ಕೆಲಸದ ನಿಯಮ. ಆ ಮೇ ತಿಂಗಳು ದೋಣಿಯಲ್ಲಿ ಅವರು ಕತ್ತಿಯನ್ನು ನನ್ನ ಕಡೆ ಚಾಚಿದರು. ನಾನು ಕೈ ಮುಗಿದೆ. "ಆಯ್ತಾ?" ಎಂದರು. "ಆಯ್ತು," ಎಂದೆ. ಅಲ್ಲಿಂದ ನಿವೃತ್ತಿಯವರೆಗೆ ಪ್ರತಿ ನಂಬರನ್ನೂ ಎರಡು ಲಿಪಿಯಲ್ಲಿ, ಪೂರ್ತಿಯಾಗಿ, ಬಾಯಲ್ಲಿ ಹೇಳಿಕೊಂಡೇ ಬರೆದೆ.

ನಿವೃತ್ತಿಯಾದ ಮರುವಸಂತ. ನಾಲ್ಕರ ಬ್ಯಾಟರಿ ಇವತ್ತೋ ನಾಳೆಯೋ ಎಂಬಂತಿತ್ತು. ಒಂದು ಬೆಳಿಗ್ಗೆ ವಾಲ್ಟರ್ ಫೋನ್ ಮಾಡಿದ.

"ಫೋರ್ಟ್ ಲೀಗೆ ಬಾ. ಅಳಿಯಾ ಸೇತುವೆ ಹತ್ರ ಬಂದಿದಾಳೆ."

ಟ್ರಾಫಿಕ್ಕಿನಲ್ಲಿ ಬಾಯಿಗೆ ಬಂದ ದೇವರನ್ನೆಲ್ಲ ಕರೆಯುತ್ತಾ ಹೋದೆ. ವಾಲ್ಟರ್ ಸೇತುವೆಯ ಕೆಳಗೆ ನದಿಯ ದಂಡೆಯಲ್ಲಿ ಫೋನ್ ಹಿಡಿದು ನಿಂತಿದ್ದ. ನೋಡಲು ಏನೂ ಇಲ್ಲ. ಕಂದು ನೀರು, ತಲೆಯ ಮೇಲೆ ಲಾರಿಗಳ ಗುಡುಗು, ದೂರದಲ್ಲಿ ಒಂದು ದೋಣಿ. ಆದರೂ ಕಣ್ಣು ಕೀಳಲಾಗಲಿಲ್ಲ.

"ಇನ್ಮೇಲೆ ಹೆಸರು ಬದಲಾಯಿಸಬೇಕು ವಾಲ್ಟರ್," ಎಂದೆ. "ಅಳಿಯ ಅಂದ್ರೆ ಮಗಳ ಗಂಡ. ಸನ್-ಇನ್-ಲಾ."

ಅವನು ನನ್ನನ್ನೇ ನೋಡಿದ. "ಏನು? ಆಲಿಯಾ ಹುಡುಗಿ ಹೆಸರಲ್ವಾ? ನನ್ನ ತಮ್ಮನ ಮಗಳ ಹೆಸರೇ ಅದು! ಇಷ್ಟು ವರ್ಷ ಆಫೀಸಲ್ಲಿ ನಾವೆಲ್ಲ, ಸುಧಾ ಗಂಡು ಮೀನಿಗೆ ಯಾಕೆ ಹುಡುಗಿ ಹೆಸರಿಟ್ಟಳು ಅಂತ ಮಾತಾಡ್ಕೊಂಡಿದೀವಿ. ಏನೋ ನಿಮ್ಮ ಸಂಪ್ರದಾಯ ಇರ್ಬೇಕು, ಕೇಳಿದ್ರೆ ತಪ್ಪಾಗತ್ತೆ ಅಂತ ಸುಮ್ಮನಿದ್ವಿ."

ಇಬ್ಬರೂ ಅಲ್ಲೇ ಬೆಂಚಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಜಾಗಿಂಗ್ ಮಾಡುವವರು ತಿರುಗಿ ನೋಡಿದರು.

"ಬದಲಾಯಿಸಲಾ ಹಾಗಾದ್ರೆ?"

"ಬೇಡ, ಹಾಗೇ ಇರಲಿ. ನಮ್ಮಲ್ಲಿ ಹೆಣ್ಣುಮಕ್ಕಳು ಹೆರಿಗೆಗೆ ತವರಿಗೆ ಬರ್ತಾರೆ ವಾಲ್ಟರ್. ಅವಳೂ ಅದಕ್ಕೇ ಬಂದಿದಾಳೆ."

ಅವನ ಕೈಯಲ್ಲಿ ಫೋನ್ ಮತ್ತೆ ಸದ್ದು ಮಾಡಿತು. ಅದೇ ನಂಬರು, ಇನ್ನೊಂದು ರಿಸೀವರ್, ಸ್ವಲ್ಪ ಮೇಲಕ್ಕೆ. ಅವಳು ನಮ್ಮನ್ನು ದಾಟಿ ಹೋಗಿದ್ದಳು. ನಾನು ನೀರಿನ ಕಡೆ ನೋಡುತ್ತಾ ಅಪ್ಪನನ್ನು ನೆನೆದೆ. ಅವರಿದ್ದಿದ್ದರೆ ಆಗಲೇ ಫೋನ್ ಮಾಡಿ ಹೇಳುತ್ತಿದ್ದೆ: ಅಪ್ಪಾ, ಟ್ರಯಲ್‌ಗೆ ಬಂದಿದ್ದಳು. ಹೊಲಿಗೆ ಬಿಟ್ಟಿಲ್ಲ.